ಹಿಮ್ಮಡಿಗೆ ತಾಗದ ಚೆಂಡು

ಫೆಬ್ರವರಿ 9, ಸೋಮವಾರ
ಅಂಗಡಿಯಿಂದ, ಮಧ್ಯಾಹ್ನ

ಮುದ್ದು ಮಗಳೇ,

ಕೊನೆಯ ಸಾಲಿನವರೆಗೂ ಓದದೆ ಕೋಪ ಮಾಡಿಕೊಳ್ಳುವುದಿಲ್ಲ ಅಂತ ಮಾತು ಕೊಡು. ಕೊಟ್ಟೆಯಾ? ಸರಿ, ಹಾಗಾದರೆ ಮುಂದಕ್ಕೆ ಓದು.

ನಿನ್ನ ಪತ್ರ ಶನಿವಾರ ಬಂತು. ಈ ಭಾನುವಾರ ಹೈಸ್ಕೂಲಿನ ಮೈದಾನದಲ್ಲಿ ನಿನ್ನ ಅಪ್ಪನ ನೆನಪಿಗೆ ಫುಟ್‌ಬಾಲ್ ಪಂದ್ಯ ಇಟ್ಟಿದ್ದಾರೆ, ನೀನು ನಾಲ್ಕು ಮಾತು ಆಡಬೇಕು, ಎಲ್ಲ ಸಂತೋಷ. ಆದರೆ ಆಹ್ವಾನ ಪತ್ರಿಕೆಯಲ್ಲೂ ಅವನನ್ನು 'ನಮ್ಮ ಹಿಮ್ಮಡಿ' ಅಂತಲೇ ಅಚ್ಚು ಹಾಕಿಸಿದ್ದಾರೆ ಅಂತ ನಿನಗೆ ಸಿಟ್ಟು. ಸ್ವಂತ ಗೋಲಿಗೇ ಚೆಂಡು ಹೊಡೆದು ಫೈನಲ್ ಸೋಲಿಸಿದವನು ಅಂತ ಸತ್ತ ಮೇಲೂ ನಗಬೇಕಾ ಅಂತ ಕೇಳಿದ್ದೀಯ. ಕೊನೆಯಲ್ಲಿ ಒಂದೇ ಸಾಲಿನ ಪ್ರಶ್ನೆ: ಮಾವ, ಚೆಂಡು ನಿಜವಾಗಲೂ ಅಪ್ಪನ ಹಿಮ್ಮಡಿಗೆ ತಾಗಿತ್ತಾ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ತಲೆ ಎತ್ತಿ ಕಪಾಟಿನ ಮೇಲಿನ ಫುಟ್‌ಬಾಲ್ ಕಪ್ ನೋಡಿದೆ. ಆ ಹೊತ್ತಿಗೆ ಗಿರಾಕಿಯೊಬ್ಬರ ಕೈಗಡಿಯಾರ ಬಿಚ್ಚಿಟ್ಟಿದ್ದೆ. ಜೋಡಿಸಿದ ಮೇಲೆ ನೋಡಿದರೆ ಒಂದು ಸ್ಕ್ರೂ ಮೇಜಿನ ಮೇಲೇ ಉಳಿದಿತ್ತು. ಮೂವತ್ತು ವರ್ಷದ ಕಸುಬಿನಲ್ಲಿ ಹೀಗಾಗಿರಲಿಲ್ಲ ಕಣಮ್ಮ.

ತಾಗಿರಲಿಲ್ಲ. ಒಂದು ಗೇಣು ದೂರದಲ್ಲಿ ಹೋಯಿತು.

ಈಗ ಬುಡದಿಂದ ಹೇಳುತ್ತೇನೆ. ಹೈಸ್ಕೂಲಿಗೆ ಬರುವಾಗಲೇ ನನ್ನ ಕಣ್ಣು ಅರ್ಧ ಹೋಗಿತ್ತು. ಹತ್ತು ಹೆಜ್ಜೆ ಆಚೆ ನಿಂತವರು ಗಂಡಸೋ ಹೆಂಗಸೋ ತಿಳಿಯುತ್ತಿರಲಿಲ್ಲ. ಕನ್ನಡಕ ಇದ್ದವರನ್ನು ತಂಡಕ್ಕೆ ಸೇರಿಸುವುದಿಲ್ಲ ಅಂತ ಆಟದ ಮೇಷ್ಟ್ರ ಕಟ್ಟಪ್ಪಣೆ. ನನಗೋ ಗೋಲ್‌ಕೀಪರ್ ಆಗುವ ಹುಚ್ಚು. ಕನ್ನಡಕ ಊಟದ ಡಬ್ಬಿಯೊಳಗೆ ಹೋಯಿತು, ನಾನು ಗೋಲಿನೊಳಗೆ ಹೋದೆ. ಈ ಗುಟ್ಟು ಗೊತ್ತಿದ್ದದ್ದು ನನ್ನ ಮುಂದೆ ಡಿಫೆಂಡರ್ ಆಗಿ ನಿಲ್ಲುತ್ತಿದ್ದ ನಿನ್ನ ಅಪ್ಪ ಒಬ್ಬನಿಗೇ. ಒಂದು ದಿನ ಹಸಿವಾಗಿ ನನ್ನ ಡಬ್ಬಿ ಕದ್ದು ತೆರೆದಿದ್ದ. ಊಟದ ಬದಲು ಕನ್ನಡಕ ಸಿಕ್ಕಿತು. ಅದನ್ನು ಮೂಗಿಗೆ ಏರಿಸಿಕೊಂಡು, ಅಯ್ಯೋ ಕುರುಡ ನನ್ಮಗನೇ, ಇಷ್ಟು ದಿನ ಚೆಂಡನ್ನ ವಾಸನೆ ಹಿಡಿದು ಹಿಡೀತಿದ್ಯೇನೋ ಅಂತ ಕೇಳಿದ. ಕೇಳಿದವನು ನೆಲಕ್ಕೆ ಬಿದ್ದು ಹೊರಳಾಡಿ ನಕ್ಕ. ಮೇಷ್ಟ್ರಿಗೆ ಹೇಳುತ್ತಾನೆ ಅಂತಲೇ ನಾನು ತಿಳಿದಿದ್ದೆ. ಮಾರನೆಯ ದಿನ ಅವನು ಎರಡೂ ಮಣಿಕಟ್ಟಿಗೆ ಬಿಳಿ ಕರವಸ್ತ್ರ ಕಟ್ಟಿಕೊಂಡು ಬಂದ.

ಅಂದಿನಿಂದ ಅವನ ಕೈಯೇ ನನ್ನ ಕಣ್ಣು. ಮೈದಾನದ ಕಡೆ ಮುಖ ಮಾಡಿ, ನನಗೆ ಬೆನ್ನು ಹಾಕಿ ನಿಲ್ಲುತ್ತಿದ್ದ. ಚೆಂಡು ನನ್ನ ಎಡಕ್ಕೆ ಬರುವುದಾದರೆ ಅವನ ಎಡಗೈ ಮೇಲೇಳುತ್ತಿತ್ತು, ಬಲಕ್ಕಾದರೆ ಬಲಗೈ. ನನಗೆ ಕಾಣುತ್ತಿದ್ದದ್ದು ಒಂದು ಬಿಳಿ ಚುಕ್ಕೆ ಅಷ್ಟೇ. ಚುಕ್ಕೆ ಎದ್ದ ಕಡೆಗೆ ಯೋಚಿಸದೆ ಹಾರುತ್ತಿದ್ದೆ. ಚೆಂಡು ಹತ್ತಿರ ಬಂದ ಮೇಲೆ ಹೇಗೂ ಕಾಣುತ್ತಿತ್ತು. ಇಡೀ ಟೂರ್ನಮೆಂಟಿನಲ್ಲಿ ಫೈನಲ್‌ವರೆಗೆ ಒಂದು ಗೋಲೂ ಬಿಟ್ಟುಕೊಡಲಿಲ್ಲ. ಹುಲಿ ಹುಲಿ ಅಂತ ಜನ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡರು. ಆ ಎತ್ತರದಿಂದ ಯಾರ ಮುಖವೂ ಕಾಣುತ್ತಿರಲಿಲ್ಲ, ಆದರೂ ಎಲ್ಲರಿಗೂ ಕೈ ಬೀಸಿದೆ. ನಿನ್ನ ಅಪ್ಪ ಕೆಳಗಿನಿಂದ, ಮರಕ್ಕೆ ಕೈ ಬೀಸ್ತಿದ್ದೀಯಲ್ಲೋ, ಜನ ಈ ಕಡೆ ಇದ್ದಾರೆ ಅಂತ ಕೂಗಿದ.

ಫೈನಲ್ ದಿನ ಕೊನೆಯ ನಿಮಿಷದವರೆಗೂ ಸೊನ್ನೆ ಸೊನ್ನೆ. ಆಗ ನಿನ್ನ ಅಪ್ಪನಿಗೆ ಗೋಲ್ ಹೊಡೆಯುವ ಆಸೆ ಹತ್ತಿ ಮುಂದಕ್ಕೆ ಓಡಿದ. ಚೆಂಡು ಕೈತಪ್ಪಿ ಎದುರಾಳಿಗೆ ಸಿಕ್ಕಿತು. ಇವನು ಬಿದ್ದಂಬೀಳ ವಾಪಸ್ ಓಡಿಬಂದು, ಎದುರಾಳಿಯನ್ನೂ ದಾಟಿ, ನನ್ನ ಕಡೆಗೇ ನುಗ್ಗುತ್ತಿದ್ದ. ಓಡುತ್ತಲೇ ಕತ್ತು ಹಿಂದಕ್ಕೆ ತಿರುಗಿಸಿ ಚೆಂಡು ನೋಡಿದ, ರೂಢಿಯಂತೆ ಎಡಗೈ ಎತ್ತಿದ. ಮೊದಲ ಸಲ ಅವನ ಬೆನ್ನಲ್ಲ, ಎದೆ ನನ್ನ ಕಡೆಗಿತ್ತು ಮಗಳೇ! ನನ್ನೆದುರು ಮುಖ ಮಾಡಿದವನ ಎಡಗೈ ನನಗೆ ಬಲಗಡೆ ಕಾಣುತ್ತದಲ್ಲ. ಬಿಳಿ ಚುಕ್ಕೆ ಎದ್ದ ಕಡೆಗೆ ಹುಲಿಯ ಹಾಗೇ ಹಾರಿದೆ. ಚೆಂಡು ಆರಾಮವಾಗಿ ಇನ್ನೊಂದು ಮೂಲೆಯಿಂದ ಒಳಗೆ ಹೋಯಿತು.

ಪಂದ್ಯ ಮುಗಿದ ಮೇಲೆ ಮೇಷ್ಟ್ರು ನನ್ನ ಕಿವಿ ಹಿಡಿದರು. ಚೆಂಡು ಆ ಕಡೆ ಹೋದ್ರೆ ಈ ಕಡೆ ಯಾಕೋ ಹಾರಿದೆ, ನಿನಗೆ ಕಣ್ಣು ಕಾಣಲ್ವಾ ಅಂತ ಗದರಿದರು. ಡಬ್ಬಿ ಅವರ ಕಾಲ ಬುಡದಲ್ಲೇ ಇತ್ತು. ಅಷ್ಟರಲ್ಲಿ ನಿನ್ನ ಅಪ್ಪ ನಡುವೆ ನುಗ್ಗಿ, ಇವನು ಸರಿಯಾಗೇ ಹಾರಿದ್ದ ಸಾರ್, ಚೆಂಡು ನನ್ನ ಹಿಮ್ಮಡಿಗೆ ತಾಗಿ ಆ ಕಡೆ ತಿರುಗ್ತು ಅಂದುಬಿಟ್ಟ. ಅಂದವನು ಸುಮ್ಮನಿರಬೇಕಲ್ಲ, ನಂಬಿಸುವುದಕ್ಕೆ ವಾರವಿಡೀ ಕುಂಟಿದ. ಮೂರನೆಯ ದಿನ ಮರೆತು ಇನ್ನೊಂದು ಕಾಲು ಕುಂಟಿಸಿದ, ಪುಣ್ಯಕ್ಕೆ ಯಾರೂ ಗಮನಿಸಲಿಲ್ಲ.

ಅವನಿಗೆ ಹಿಮ್ಮಡಿ ಅನ್ನುವ ಹೆಸರು ಬಂತು. ನನಗೆ ಏನು ಬಂತು ಗೊತ್ತಾ? ಸ್ವಂತ ತಂಡದವನ ಕಾಲಿನಿಂದ ಬಿಟ್ಟರೆ ಬೇರೆ ಗೋಲೇ ಬಿಟ್ಟುಕೊಡದ ಶ್ರೇಷ್ಠ ಗೋಲ್‌ಕೀಪರ್ ಅಂತ ಕಪ್ ಬಂತು. ನಲವತ್ತೊಂದು ವರ್ಷದ ಹಿಂದಿನ ಆ ಕಪ್ಪೇ ಇವತ್ತಿಗೂ ನನ್ನ ಅಂಗಡಿಯಲ್ಲಿ ಹೊಳೆಯುತ್ತಿರುವುದು.

ಅವನು ಬೇಜಾರು ಮಾಡಿಕೊಂಡಿದ್ದನಾ ಅಂತ ಕೇಳಬೇಡ. ಬಣ್ಣ ಬಳಿಯುವ ಕೆಲಸ ಮುಗಿಸಿ ದಿನಾ ಸಂಜೆ ಐದಕ್ಕೆ ಏಣಿ ಸಮೇತ ಬರುತ್ತಿದ್ದ, ಕಪ್‌ಗೆ ಒಂದು ಸಲಾಮು ಹೊಡೆಯುತ್ತಿದ್ದ. ನನ್ನ ಅಂಗಡಿಯ ಬೋರ್ಡ್ ಬರೆದವನೂ ಅವನೇ. ಅಕ್ಷರ ಇಷ್ಟು ದಪ್ಪ ಯಾಕೋ ಅಂದರೆ, ನಾಳೆ ನೀನೇ ನಿನ್ನ ಅಂಗಡಿ ಹುಡುಕಿಕೊಂಡು ಬರಬೇಕಲ್ಲ ಅಂದ. ಏಳೆಂಟು ವರ್ಷದ ಹಿಂದೆ ಕಪ್‌ನ ಮರದ ಪೀಠ ಮಾಸಿದೆ ಅಂತ ಮನೆಗೆ ಒಯ್ದು, ಕಪ್ಪು ಬಣ್ಣ ಹೊಡೆದು ತಂದುಕೊಟ್ಟ. ಇಂಥವನನ್ನು ಊರೆಲ್ಲ ಹಿಮ್ಮಡಿ ಅಂದಾಗ ನಾನೂ ಹಲ್ಲು ಕಿರಿದು ಕೂತಿದ್ದೆನಲ್ಲ. ನಾಚಿಕೆಯಾಗುತ್ತದೆ ಮಗಳೇ. ಎಲ್ಲರೆದುರೇ ಕನ್ನಡಕ ಹಾಕಿಕೊಂಡು ಅಂಗಡಿಯಲ್ಲಿ ಕೂತು ಮೂವತ್ತು ವರ್ಷವಾದ ಮೇಲೂ ಬಾಯಿಗೆ ಬೀಗ ಹಾಕಿಕೊಂಡಿದ್ದಕ್ಕೆ ಕಣ್ಣಿನ ನೆವ ಹೇಳಲಾರೆ. ಹುಲಿ ಅನ್ನಿಸಿಕೊಳ್ಳುವುದು ಚೆನ್ನಾಗಿತ್ತು, ಅಷ್ಟೇ.

ಆದರೆ ಒಂದು ಮಾತು ಅವನಿಂದಲೂ ಮುಚ್ಚಿಟ್ಟೆ, ಅದಕ್ಕೆ ನಾಚಿಕೆಯಿಲ್ಲ. ಆ ದಿನ ನನ್ನ ಕಣ್ಣು ಕೈಕೊಟ್ಟಿತು ಅಂತಲೇ ಅವನು ತಿಳಿದಿದ್ದ. ತಾನು ನನ್ನ ಕಡೆ ಮುಖ ಮಾಡಿ ಕೈ ಎತ್ತಿದ್ದರಿಂದ ಎಡವಟ್ಟಾಯಿತು ಅಂತ ನಾನು ಹೇಳಲೇ ಇಲ್ಲ. ಗೆಳೆಯನ ಮಾನ ಉಳಿಸಿದೆ ಅನ್ನುವ ಖುಷಿಯಲ್ಲಿ ಅಷ್ಟು ಚೆಂದ ಕುಂಟುತ್ತಿದ್ದವನಿಗೆ, ತಪ್ಪು ನಿನ್ನದೇ ಕಣೋ ಅಂತ ಹೇಗೆ ಹೇಳಲಿ?

ನವೆಂಬರಿನಲ್ಲಿ, ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಅವನಿಗೆ ಮಾತು ನಿಂತಿತ್ತು, ನಿನಗೆ ಗೊತ್ತಲ್ಲ. ಮಂಚದ ಮೇಲಿಂದ ಮೆಲ್ಲಗೆ ಎಡಗೈ ಎತ್ತಿದ. ನಾನು ಎದುರಿಗೆ ನಿಂತಿದ್ದೆ, ಅಭ್ಯಾಸಬಲ ನೋಡು, ನನಗೆ ಕೈ ಕಂಡ ಕಡೆಗೆ ವಾಲಿದೆ. ಅವನು ಸದ್ದಿಲ್ಲದೆ ಎಷ್ಟು ನಕ್ಕನೆಂದರೆ ಮೂಗಿನ ನಳಿಗೆ ಕಳಚಿ ನರ್ಸ್ ನನ್ನನ್ನು ಹೊರಗಟ್ಟಿದಳು. ಯಾಕೆ ಅಷ್ಟು ನಕ್ಕ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ಅವನಿಲ್ಲದ ಸಂಜೆ ಐದು ಗಂಟೆ ನನಗೆ ಇನ್ನೂ ಅಭ್ಯಾಸವಾಗಿಲ್ಲ. ಅಂಗಡಿಯ ಗಡಿಯಾರಗಳೆಲ್ಲ ಒಟ್ಟಿಗೆ ಬಾರಿಸಿದಾಗ ಬಾಗಿಲು ನೋಡುತ್ತೇನೆ.

ಕಪ್ ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಅದು ನಿಮ್ಮ ಮನೆಯದು. ಭಾನುವಾರ ಮೈಕಿನ ಮುಂದೆ ಇದನ್ನೆಲ್ಲ ಹೇಳು, ಹಿಂದೆ ಮುಂದೆ ನೋಡಬೇಡ. ಜನ ನನ್ನನ್ನು ನೋಡಿ ನಗಲಿ. ನನ್ನ ಸರದಿ ಬಂದು ಬಹಳ ದಿನವಾಯಿತು.

ನಿನ್ನ ಅಪ್ಪನ ಕುರುಡ ಗೆಳೆಯ,
ಗೋಲಿ ಮಾವ

ಇನ್ನೊಂದು ಮಾತು: ಸಹಿ ಹಾಕಿ, ಪೇಪರ್ ಸುತ್ತೋಣ ಅಂತ ಕಪ್ ಬೋರಲು ಹಾಕಿದೆ. ಪೀಠದ ಅಡಿಯಲ್ಲಿ, ಕಪ್ಪು ಬಣ್ಣದ ಮೇಲೆ ಬಿಳಿ ಬಣ್ಣದಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಕೆಲಸದ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಓದಿದೆ. ಬೋರ್ಡಿಗೆ ಅಷ್ಟು ದಪ್ಪ ಬರೆದವನು ಇದನ್ನು ನನಗೆ ಕಾಣದ ಹಾಗೆ ಬರೆದಿದ್ದಾನೆ ಕಳ್ಳ: 'ತಿರುಗಿ ಕೈ ಎತ್ತಿದ್ದು ನಾನೇ ಕಣೋ. ನೀನು ಸರಿಯಾಗೇ ಹಾರಿದ್ದೆ. ನೀನು ಹೇಳಲಿಲ್ಲ, ಅದಕ್ಕೇ ನಾನೂ ಹೇಳಲಿಲ್ಲ.' ಆಸ್ಪತ್ರೆಯಲ್ಲಿ ಅವನು ಯಾಕೆ ನಕ್ಕ ಅಂತ ಈಗ ತಿಳಿಯಿತು. ನೀನು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಕಣ್ಣಾರೆ ನೋಡದೆ ಯಾವುದನ್ನೂ ನಂಬುವವಳಲ್ಲ. ಭೂತಗನ್ನಡಿಯನ್ನೂ ಕಪ್ ಕಳಿಸುವ ಡಬ್ಬಿಯಲ್ಲೇ ಇಟ್ಟಿದ್ದೇನೆ. ಭಾನುವಾರ ವಾಪಸ್ ತಾ. ಮೊದಲ ಸಾಲಿನಲ್ಲಿ ಕೂತಿರುತ್ತೇನೆ, ಆ ಮೈದಾನಕ್ಕೆ ಮೊದಲ ಸಲ ಕನ್ನಡಕ ಹಾಕಿಕೊಂಡು ಬರುತ್ತಿದ್ದೇನೆ.