ಕ್ಯಾಬಿನ್ನಿಗೆ ಹೊಂದುವ ಮಾತ್ರೆ

ಜನವರಿ 8, ಬೆಳಿಗ್ಗೆ

ಕ್ರೇನ್ ಹತ್ತಿ ಕೂತಾಯಿತು. ಕಾಂಕ್ರೀಟ್ ಲಾರಿ ಇನ್ನೂ ಬಂದಿಲ್ಲ. ಕ್ರೇನ್ ಓಡಿಸುವವನಿಗೆ ಕಾಯುವುದೇ ಅರ್ಧ ಕೆಲಸ, ಅದಕ್ಕೇ ಕ್ಯಾಬಿನ್ನಿನಲ್ಲಿ ಈ ಬರೆಯುವ ಚಟ.

ನಿನ್ನೆ ರಿಪೋರ್ಟ್ ಬಂತು. ಮೂರು ತಿಂಗಳ ಸರಾಸರಿ ಶುಗರ್ 9.6. ಏಳರ ಹತ್ತಿರ ಇರಬೇಕಂತೆ. ಮೆಟ್‌ಫಾರ್ಮಿನ್ ಒಂದರಿಂದ ಆಗುವುದಿಲ್ಲ, ಜೊತೆಗೆ ಇನ್ನೊಂದು ಬೇಕು ಎಂದರು ಡಾಕ್ಟರಮ್ಮ. ಗ್ಲಿಮೆಪಿರೈಡ್ ಮಾತ್ರೆ ಬರೆದರು. ಚೆನ್ನಾಗಿ ಇಳಿಸುತ್ತದೆ, ಕೆಲವೊಮ್ಮೆ ಅತಿಯಾಗಿ ಇಳಿಸುತ್ತದೆ, ಊಟ ತಪ್ಪಿಸಬೇಡಿ ಎಂದರು.

ಮೇ ತಿಂಗಳಲ್ಲಿ ಕಂಪನಿ ಮೆಡಿಕಲ್. ಶುಗರ್ ಹತೋಟಿಗೆ ಬರದಿದ್ದರೆ ಮೇಲೆ ಹತ್ತಿಸುವುದಿಲ್ಲ. ಇನ್ಸುಲಿನ್ ಶುರುವಾದರೂ ಹತ್ತಿಸುವುದಿಲ್ಲ, ಈ ಕಂಪನಿಯ ರೂಲ್ಸು. ಇಪ್ಪತ್ತು ವರ್ಷ ಮೇಲೆ ಕೂತವನು ಕೆಳಗಿಳಿದು ಏನು ಮಾಡಲಿ? ಇಟ್ಟಿಗೆ ಹೊರಲೇ?

ಜನವರಿ 12

ಹಾಳಾದ ಮಾತ್ರೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಬೆವರು, ಕೈ ನಡುಕ, ಎದೆ ಢವಢವ. ಕೊಕ್ಕೆಯಲ್ಲಿ ಕಬ್ಬಿಣದ ಕಂಬಿಗಳ ಕಟ್ಟು ತೂಗುತ್ತಿತ್ತು. ಕೆಳಗೆ ಸಿಗ್ನಲ್ ಕೊಡುವವನು ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. ಹೇಗೋ ಇಳಿಸಿದೆ. ಜೇಬಿನಲ್ಲಿದ್ದ ಬಿಸ್ಕತ್ತು ಗಬಗಬ ತಿಂದ ಮೇಲೆ ಜೀವ ಬಂತು.

ಇನ್ನು ಕೆಲಸದ ದಿನ ಆ ಮಾತ್ರೆ ಇಲ್ಲ. ರಜೆಯ ದಿನ ಮಾತ್ರ. ಬಿಸ್ಕತ್ತಿನ ಪೊಟ್ಟಣ, ಸಕ್ಕರೆ ಹಾಕಿದ ಚಹಾದ ಫ್ಲಾಸ್ಕು ಜೊತೆಗಿರಲಿ. ಸುರಕ್ಷತೆ ಮೊದಲು ಅಂತ ಗೇಟಿನಲ್ಲೇ ಬರೆದಿದ್ದಾರಲ್ಲ.

ಫೆಬ್ರವರಿ 15

ಶುಗರ್ ಮುನ್ನೂರರ ಮೇಲೆ. ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಡಾಕ್ಟರಮ್ಮ ಕೇಳಿದರು. ಒಂದೂ ತಪ್ಪಿಸಿಲ್ಲ ಎಂದೆ. ನಾಲಿಗೆ ತೊದಲಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಹೌದೆಂದು ತಲೆಯಾಡಿಸಿದಳು. ಪಾಪ, ನಂಬಿದ್ದಾಳೆ. ನನಗೋಸ್ಕರ ತಾನೂ ಸಕ್ಕರೆ ಬಿಟ್ಟಿದ್ದಾಳೆ. ಇವಳ ಎದುರು ಸಪ್ಪೆ ಚಹಾ ಕುಡಿದು, ಮೇಲೆ ಹೋಗಿ ಸಿಹಿ ಚಹಾ ಕುಡಿಯುವ ಭೂಪ ನಾನು. ನಾಚಿಕೆಯಾಗುತ್ತದೆ.

ಇರುವುದರ ಜೊತೆಗೆ ಇನ್ನೊಂದು ಸೇರಿಸಿದರು. ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುವ ಮಾತ್ರೆ. ಕಿಡ್ನಿಗೂ ಹೃದಯಕ್ಕೂ ಒಳ್ಳೆಯದಂತೆ. ಇರಬಹುದು. ಕ್ಯಾಬಿನ್ನಿನಲ್ಲಿ ಟಾಯ್ಲೆಟ್ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಫೆಬ್ರವರಿ 24

ಬಾಟಲಿ ಸಾಲುತ್ತಿಲ್ಲ. ಇಷ್ಟು ಬರೆದರೆ ಸಾಕು. ನೀರು ಕುಡಿಯುವುದನ್ನೇ ಬಿಟ್ಟೆ... ತುಟಿ ಒಡೆದಿದೆ, ಎದ್ದು ನಿಂತರೆ ತಲೆ ಸುತ್ತು. ಈ ಮಾತ್ರೆಯನ್ನೂ ನಿಲ್ಲಿಸಿದೆ. ಯಾರಿಗೂ ಹೇಳಿಲ್ಲ.

ಮಾರ್ಚ್ 19

ಈಗ ವಾರಕ್ಕೊಂದು ಇಂಜೆಕ್ಷನ್. ಇನ್ಸುಲಿನ್ ಅಲ್ಲ, ಹಸಿವು ಕಡಿಮೆ ಮಾಡುವಂಥದ್ದು, ತೂಕವೂ ಇಳಿಯುತ್ತದಂತೆ. ಇಳಿಯದೆ ಏನು, ತಿಂದದ್ದು ಹೊಟ್ಟೆಯಲ್ಲಿ ನಿಂತರೆ ತಾನೆ? ಅರ್ಧ ಏಣಿಯಲ್ಲಿ ವಾಂತಿ. ಕೆಳಗೆ ನಿಂತಿದ್ದ ಇಂಜಿನಿಯರ್ ಹೆಲ್ಮೆಟ್ ಹಾಕಿದ್ದು ಅವನ ಪುಣ್ಯ.

ಒಗ್ಗುತ್ತದೆ, ಸ್ವಲ್ಪ ದಿನ ತಡೆಯಿರಿ ಎಂದರು. ತೊಂದರೆ ಕೊಡದ ಮೆತ್ತನೆಯ ಮಾತ್ರೆಯೂ ಒಂದಿದೆಯಂತೆ, ನನ್ನ ಶುಗರ್‌ಗೆ ಅದು ಯಾವ ಮೂಲೆಗೂ ಸಾಲದಂತೆ.

ಕೂತು ಹೋಲಿಸಿ ನೋಡಿದೆ. ಒಂದು ನಡುಗಿಸುತ್ತದೆ, ಒಂದು ಓಡಿಸುತ್ತದೆ, ಒಂದು ಕಕ್ಕಿಸುತ್ತದೆ, ಒಂದಕ್ಕೆ ತಾಕತ್ತಿಲ್ಲ. ಉಳಿದದ್ದು ಇನ್ಸುಲಿನ್. ಅದು ಕೆಳಗಿಳಿಸುತ್ತದೆ.

ಏಪ್ರಿಲ್ 17

ಮೂರು ತಿಂಗಳ ಸರಾಸರಿ 10.4.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಣ್ಣಿನ ಹಿಂಭಾಗದಲ್ಲಿ ರಕ್ತ ಜಿನುಗಲು ಶುರುವಾಗಿದೆ, ಇನ್ನು ಇನ್ಸುಲಿನ್ನೇ ಎಂದರು. ಕೈ ಮುಗಿದೆ. ಇವಳ ಎದುರಿಗೇ, ಭಿಕ್ಷೆ ಬೇಡುವವನ ಹಾಗೆ ಕೈ ಮುಗಿದೆ.

"ಮಾತ್ರೆ ನಿಜವಾಗ್ಲೂ ತಗೋತಿದ್ದೀರಾ? ನನ್ನ ಮುಖ ನೋಡಿ ಹೇಳಿ."

"ದೇವರಾಣೆ, ಡಾಕ್ಟ್ರೇ."

ಹಾಗಾದರೆ ಇದೇ ಕೊನೆಯ ಸಲ ಎಂದು ಗ್ಲಿಮೆಪಿರೈಡ್ ಡಬಲ್ ಮಾಡಿದರು. ಇಂಜೆಕ್ಷನ್ ಮುಂದುವರಿಯಲಿ, ದಿನಾ ಬೆರಳು ಚುಚ್ಚಿ ನೋಡಿ ಎಂದರು. ಮನೆಗೆ ಬಂದವನೇ ಬಿಸ್ಕತ್ತು, ಫ್ಲಾಸ್ಕು ಎರಡನ್ನೂ ಬಿಸಾಡಿದೆ. ನಾಳೆಯಿಂದ ಹೇಳಿದಷ್ಟೂ ನುಂಗುವುದು. ಬೇರೆ ದಾರಿಯೇ ಇಲ್ಲ.

ಏಪ್ರಿಲ್ 19

ಬೆಳಿಗ್ಗೆ 160! ಈ ವರ್ಷ ಕಾಣದ ನಂಬರು. ಇವಳು ಮಷೀನನ್ನು ನನ್ನ ಕೈಯಿಂದ ಕಿತ್ತುಕೊಂಡು ಎರಡೆರಡು ಸಲ ನೋಡಿದಳು. ಎಷ್ಟು ದಿನವಾಗಿತ್ತು ಇವಳು ನಕ್ಕು. ಕೆಲಸ ಉಳಿಯುತ್ತದೆ. ಉಳಿಯಲೇಬೇಕು.

ಏಪ್ರಿಲ್ 21, ಮೇಲೆ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆದರೂ ಬರೆಯುತ್ತಿರಬೇಕು. ಕಣ್ಣು ಮುಚ್ಚಿದರೆ ಕೆಟ್ಟೆ.

ಬೆಳಿಗ್ಗೆ ಮಾತ್ರೆ ಪೂರ್ತಿ ನುಂಗಿದೆ. ಇಂಜೆಕ್ಷನ್ ದೆಸೆಯಿಂದ ತಿಂಡಿ ಸೇರಲಿಲ್ಲ. ಕಂಬಿ ಎತ್ತಿದ್ದೆ — ಕೆಳಗೆ ಭಾವಮೈದುನ ಒಬ್ಬನಲ್ಲ, ಇಬ್ಬರು ಕಂಡರು. ಯಾರ ತಲೆ ತಪ್ಪಿಸಬೇಕು? ದೂರ ಹೋಗೋ ಎಂದು ರೇಡಿಯೋದಲ್ಲಿ ಕೂಗಿದೆ. ಮರಳಿನ ರಾಶಿಯ ಮೇಲೆ ಇಳಿಸಿದೆ. ಇಳಿಸಿದೆನೋ ಬೀಳಿಸಿದೆನೋ.

ಆಮೇಲೆ ಇಡೀ ಸೈಟಿಗೆ ಕೇಳುವ ಹಾಗೆ ಹೇಳಿಬಿಟ್ಟೆ. "ನನಗೆ ಶುಗರ್ ಇದೆ. ಪೂರ್ತಿ ಇಳಿದುಹೋಗಿದೆ. ಇನ್ನು ನಾನು ಎತ್ತಲ್ಲ."

ಆಯಿತು. ಕೆಲಸ ಹೋಯಿತು. ಇಲ್ಲಿ ತಿನ್ನಲು ಒಂದು ಚೂರೂ ಇಲ್ಲ, ಎಲ್ಲಾ ನಾನೇ ಎಸೆದೆ.

"ಭಾವ, ಏಣಿ ಇಳೀಬೇಡಿ. ಕೂತಲ್ಲೇ ಕೂತಿರಿ. ಸಕ್ಕರೆ ತಗೊಂಡು ನಾನೇ ಬರ್ತೀನಿ."

ಎರಡನೇ ಮಹಡಿಯಿಂದ ಕೆಳಗೆ ನೋಡಿದರೆ ಕಣ್ಣು ಕತ್ತಲೆ ಬರುವ ಗಿರಾಕಿ ಅವನು. ಹತ್ತುತ್ತಿದ್ದಾನೆ. ನನ್ನನ್ನು ಬೈಯುತ್ತಾ ಹತ್ತುತ್ತಿದ್ದಾನೆ, ರೇಡಿಯೋ ಆಫ್ ಮಾಡಿಲ್ಲ. ಬೈಯಲಿ. ಬೇಗ ಬಾರೋ ಪುಣ್ಯಾತ್ಮ. ತಣ್ಣನೆ ಬೆವರು... ಪೆನ್ನು ಜಾರುತ್ತಿದೆ.

ಏನಾದರೂ ಆದರೆ ಡಾಕ್ಟರಮ್ಮನನ್ನು ಬೈಯಬೇಡಿ. ಅವರಿಗೆ ಗೊತ್ತಿರಲಿಲ್ಲ. ಮಾತ್ರೆಗಳದ್ದೂ ತಪ್ಪಿಲ್ಲ. ನಾನೇ ಅವರಿಗೆ ಒಂದು ದಿನವೂ ನಿಜ