ಬಿಲ್ಲು ಸರ್ಕಾರದ್ದು, ಬಾಣ ನನಗೆ

ಬ್ಲಫ್,
ಏಪ್ರಿಲ್ ೨೪

ಪ್ರೀತಿಯ ರೆವಿ ಅಣ್ಣನಿಗೆ, ತಾಮತಿಯ ನಮಸ್ಕಾರ.

ಮೊದಲು ತಪ್ಪೊಪ್ಪಿಗೆ. ನಿನ್ನ ತಮ್ಮ ಕಳ್ಳನಾಗಿದ್ದಾನೆ. ಕ್ರೈಸ್ಟ್‌ಚರ್ಚ್‌ನ ಖಾಸಗಿ ಆಸ್ಪತ್ರೆಯಲ್ಲಿ, ಕಾಯುವವರಿಗೆಂದು ಇಟ್ಟಿದ್ದ ಬೆಣ್ಣೆ ಬಿಸ್ಕತ್ತುಗಳನ್ನು ಪೂರ್ಣ ಪ್ರಜ್ಞೆಯಿಂದ, ಹಾಡಹಗಲೇ, ಕೋಟಿನ ಎರಡೂ ಜೇಬಿಗೆ ತುಂಬಿಕೊಂಡಿದ್ದೇನೆ. ಕಾನೂನು ತನ್ನ ಕೆಲಸ ಮಾಡಲಿ. ಕಾಗದ ತಡವಾದದ್ದು ಮಾತ್ರ ನನ್ನ ತಪ್ಪಲ್ಲ. ಗಾಳಿಗೆ ಹೆದರಿ ನಿಮ್ಮ ಹಕ್ಕಿದ್ವೀಪಕ್ಕೆ ದೋಣಿಯೇ ಹೊರಟಿರಲಿಲ್ಲ.

ನನ್ನ ಕ್ಯಾನ್ಸರ್ ಚಿಕಿತ್ಸೆ ಮುಗಿಯಿತು. ಕಿರಣ ಹಾಯಿಸಿಕೊಳ್ಳಲು ಸರ್ಕಾರಿ ಆಸ್ಪತ್ರೆಯಲ್ಲಿ ಸಾಲು, ಖಾಸಗಿಯಲ್ಲಿ ಸಾಲ. ನಮ್ಮಂಥವರ ಆಯಸ್ಸು ಎರಡಕ್ಕೂ ಸಾಲದು. ಸಾಲು ಕರಗಲೆಂದು ಸರ್ಕಾರವೇ ಖಾಸಗಿಯವರಲ್ಲಿ ಒಂದಷ್ಟು ಜಾಗ ಕೊಂಡಿತಲ್ಲ, ಅದರಲ್ಲೊಂದು ನನ್ನ ಪಾಲಿಗೆ ಬಂತು. ಬಿಲ್ಲು ಸರ್ಕಾರದ್ದು, ಬಾಣ ನನಗೆ. ಪ್ರಾಸ್ಟೇಟಿಗೆ ಗುರಿಯಿಟ್ಟು ದಿನವೂ ಬಿಟ್ಟರು. ಹೆಸರಿಗೆ ಖಾಸಗಿ, ನನ್ನದೆಂಬ ಖಾಸಗಿ ಏನನ್ನೂ ಅವರು ಉಳಿಸಲಿಲ್ಲ.

ಕೌಂಟರಿನ ಫಿಲಿಪಾ ಮೊದಲ ದಿನವೇ ಹೇಳಿದ್ದಳು: "ನಿಮ್ದೇ ಕೊನೇದು ನೋಡಿ ಅಜ್ಜ. ಸರ್ಕಾರ ಕೊಟ್ಟಿದ್ ದುಡ್ಡು ಖಾಲಿ. ಇಲ್ಲಿ ಒಬ್ರಿಗೆ ಸುರಿಯೋದ್ರಲ್ಲಿ ಸರ್ಕಾರಿ ಆಸ್ಪತ್ರೇಲಿ ಇಬ್ರನ್ನ ನೋಡ್ಬೋದಿತ್ತು ಅಂತ ಮೇಲಿನವ್ರು ಗೊಣಗ್ತಿದಾರೆ."

ನಿನ್ನಾಕೆ ನೈರಿ ಅತ್ತಿಗೆಯ ಪಾಡು ನಿನಗೇ ಗೊತ್ತಲ್ಲ, ಎದೆಯ ಗಂಟು ತೆಗೆಸಿಕೊಂಡ ಮೇಲೆ ಅದೇ ಸಾಲಿನಲ್ಲಿ ನನ್ನ ಬೆನ್ನಿಗೇ ನಿಂತವರು. ಮೊನ್ನೆ ನನ್ನ ಜೇಬು ಕಂಡು ನಕ್ಕರು. "ಬಿಸ್ಕತ್ ತಂದೆ, ಸರಿ. ನಂಗೊಂದ್ ಜಾಗ ತಂದ್ಯಾ? ಹೋಗೋವಾಗ ಏನ್ ಹೇಳಿ ಕಳ್ಸಿದ್ದೆ?"

"ತರದೆ ಬರ್ತೀನಾ ಅತ್ತಿಗೆ?"

ನೀನೂ ಕೇಳು. ದುಡ್ಡು ಖಾಲಿ ಎಂದವಳ ಮುಂದೆ ಮೇಜು ಗುದ್ದಿದೆ. "ನಮ್ಮತ್ತಿಗೆ ಹೆಸ್ರು ಬರ್ಕೊಳಮ್ಮ, ಆಮೇಲೆ ನನ್ನ ಮೈ ಮುಟ್ಟಿ!" ಎಂದು ಗುಡುಗಿದೆ. ಹೂದಾನಿ ಅಲುಗಾಡಿತು. ಹುಡುಗಿ ಪೆನ್ನು ಹುಡುಕಿ ಬರೆದುಕೊಂಡಳು. ಮುಂದಿನ ತಿಂಗಳು ಕರೆ ಬರುತ್ತದೆ. ನೀನು ನಿಶ್ಚಿಂತೆಯಿಂದ ತೀತೀ ಹಕ್ಕಿಯ ಮರಿ ಹಿಡಿದು, ಉಪ್ಪು ಹಚ್ಚಿ, ಡಬ್ಬ ತುಂಬಿಸಿಕೊಂಡೇ ಬಾ.

ನಮ್ಮ ಹಿರಿಯರು ಕಡಲಲ್ಲೂ ಬಂಡೆಯಲ್ಲೂ ನಿನ್ನ ಕಾಲು ಜಾರದಂತೆ ಕಾಯಲಿ.

ನಿನ್ನ ತಮ್ಮ,
ತಾಮತಿ

ಮತ್ತೆ: ಮೇಲಿನದ್ದು ಬೆಳಿಗ್ಗೆ ಬರೆದದ್ದು. ಮಧ್ಯಾಹ್ನ ಅತ್ತಿಗೆಯ ಸ್ಕ್ಯಾನ್ ವರದಿ ಬಂತು. ಬೆನ್ನುಮೂಳೆಗೆ ಹರಡಿದೆಯಂತೆ. "ಹೆಂಗೂ ನೀನು ಹೆಸ್ರು ಬರ್ಸಿದೀಯಲ್ಲ, ಬಿಡು" ಎಂದು ನನಗೇ ಸಮಾಧಾನ ಹೇಳುತ್ತಿದ್ದಾರೆ. ಅಣ್ಣ, ಹಕ್ಕಿ ಬಿಟ್ಟು ಈ ಕಾಗದ ತಂದ ದೋಣಿಯಲ್ಲೇ ಹೊರಟು ಬಾ. ನಾನು ಹೆಸರು ಬರೆಸಿಲ್ಲ. ಮೇಜು ಗುದ್ದಿಲ್ಲ. ಬಾಯಿಬಿಟ್ಟರೆ ಆ ಹುಡುಗಿ "ಹಂಗಾದ್ರೆ ನಿಮ್ ಜಾಗಾನೇ ಅವ್ರಿಗ್ ಕೊಟ್ಬಿಡಿ" ಎಂದಾಳೆಂದು ಹೆದರಿದೆ. "ಏನೋ ಕೇಳೋಕ್ ಬಂದ್ರಿ, ಅಜ್ಜ?" ಎಂದು ಫಿಲಿಪಾ ತಾನಾಗಿಯೇ ಕೇಳಿದಳು. ನಾನು ಶೌಚಾಲಯ ಎಲ್ಲಿದೆ ಎಂದು ಕೇಳಿದೆ. ಅದರ ಬಾಗಿಲು ನನ್ನ ಎದುರಿಗೇ ಇತ್ತು.