ಚಿನ್ನು ಇಟ್ಟ ತೆಂಕಲ ಬಾಗಿಲು

ಉಳಿ ಹಿಡಿದ ಕೈಯಲ್ಲೇ ನನ್ನ ತಲೆ ಸವರುತ್ತಿದ್ದ ಅಪ್ಪನಿಗೆ,

ನೀನು ಹೋದ ಮೇಲೆ ನಿನ್ನ ಮರಗೆಲಸದ ಕೊಟ್ಟಿಗೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿದರೆ ನೀನು ಮೊದಲು ನಗುತ್ತೀಯ. ಭಾನುವಾರ ಬಂತೆಂದರೆ ಬೀದಿಯ ಮಕ್ಕಳೆಲ್ಲ ಅಲ್ಲೇ. ನಾನು ಮೈಸೂರಿನಿಂದ ತಂದ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ನಿನ್ನ ಹಳೇ ಕೆಲಸದ ಹಲಗೆಯ ಮೇಲೆ ಸುರಿದುಕೊಂಡು ಊರು ಕಟ್ಟುತ್ತಾರೆ. ನಗು ಮುಗಿದ ಮೇಲೆ ಮಾತ್ರ... ಅದನ್ನು ಹೇಳುವುದಕ್ಕೇ ಈ ಕಾಗದ. ಇದನ್ನು ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ, ಹೇಳು?

ಸಂತೆಬಾಚಹಳ್ಳಿಯಲ್ಲಿ ಒಂದು ಮನೆಗೆ ಬಾಗಿಲು ನಿಲ್ಲಿಸುವ ದಿನ ನನ್ನನ್ನೂ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿದ್ದು ನೆನಪಿದೆಯಾ? ಅಲ್ಲಿ ತಳಪಾಯ ಬಿಟ್ಟರೆ ಇನ್ನೇನೂ ಎದ್ದಿರಲಿಲ್ಲ. ಬಯಲಲ್ಲಿ ನೀನು ಬಾಗಿಲ ಚೌಕಟ್ಟು ನಿಲ್ಲಿಸಿದೆ. ಮನೆಯವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಸೊಪ್ಪು ಕಟ್ಟಿ, ಹೊಸಿಲಿನ ಕೆಳಗೆ ನವಧಾನ್ಯ ಹಾಕಿದರು. ಮನೆಯೇ ಇಲ್ಲ, ಬಾಗಿಲು ಯಾಕಪ್ಪ ಎಂದು ನಾನು ಕೇಳಿದ್ದಕ್ಕೆ, "ದಾರಿ ಮೊದ್ಲು ಕಣವ್ವ, ಗ್ವಾಡೆ ಆಮೇಕೆ" ಎಂದಿದ್ದೆ ನೀನು. ಅದನ್ನೇ ನಾನು ಮಕ್ಕಳಿಗೂ ಹೇಳಿಕೊಟ್ಟೆ. ಈಗ ನಮ್ಮ ಹಲಗೆಯ ಮೇಲೆ ಯಾವ ಮನೆ ಎದ್ದರೂ ಮೊದಲು ಬಾಗಿಲು ನಿಲ್ಲುತ್ತದೆ. ಹಾಲಿನ ಡೈರಿಗೂ ಅಷ್ಟೇ, ಕೋಳಿಗೂಡಿಗೂ ಅಷ್ಟೇ.

ನೀನು ಕೊಟ್ಟಿಗೆಯಲ್ಲೇ ಹೋದ ಮಧ್ಯಾಹ್ನ ಅದರ ತೆಂಕಲ ಬಾಗಿಲಿಂದಲೇ ನಿನ್ನನ್ನು ಹೊರಗೆ ತಂದದ್ದು. ಮೂಡಲ ಬಾಗಿಲ ಆಚೆ ಜವರಣ್ಣನ ಆಲೆಮನೆ. ಅಂದು ಗಾಣ ನಡೆಯುತ್ತಿತ್ತು, ಅಂಗಳದ ತುಂಬ ಕಬ್ಬು. ಜೋಯಿಸರು ಪಂಚಾಂಗ ನೋಡಿ, ನಕ್ಷತ್ರ ಸರಿಯಿಲ್ಲ, ಇಂಥ ಸಾವು ಒಂಟಿಯಾಗಿ ಹೋಗುವುದಿಲ್ಲ, ಮನೆಯನ್ನೇ ಆರು ತಿಂಗಳು ಬಿಡಿ ಎಂದರು. ಮನೆ ಬಿಟ್ಟು ಎಲ್ಲಿಗೆ ಹೋಗುವುದು? ನಿನ್ನ ಮಗ ನಾಗ ತಾನೇ ಒಂದು ಉಪಾಯ ಕಂಡುಕೊಂಡ. ಸಾವು ಹೋದ ಬಾಗಿಲನ್ನು ಮುಚ್ಚಿದರೆ ಅದು ಮತ್ತೆ ಒಳಗೆ ಬರುವುದು ಹೇಗೆ ಎಂದು, ಬಾಗಿಲ ರೆಕ್ಕೆ ಕಳಚಿ, ಚೌಕಟ್ಟನ್ನು ಹಾಗೇ ಬಿಟ್ಟು, ಅದರೊಳಗೆ ಇಟ್ಟಿಗೆ ತುಂಬಿ, ಮೇಲೆ ಸುಣ್ಣ ಬಳಿದುಬಿಟ್ಟ. ಜೋಯಿಸರೂ ಇಂಥದ್ದನ್ನು ಹೇಳಿರಲಿಲ್ಲ ಅಪ್ಪ. ಬಾಗಿಲು ಮಾಡುವ ಜಾತಿಯಲ್ಲಿ ಹುಟ್ಟಿ ಬಾಗಿಲಿಗೆ ಗೋಡೆ ಕಟ್ಟಿದವನು ನಮ್ಮ ನಾಗ ಒಬ್ಬನೇ ಇರಬೇಕು.

ಆದರೆ ಅವನನ್ನು ಬೈಯುವುದಕ್ಕೂ ನನಗೆ ಬಾಯಿ ಬರುತ್ತಿರಲಿಲ್ಲ. ಗೋಡೆ ಒಣಗುವ ಮೊದಲೇ ಹಟ್ಟಿಯಲ್ಲಿದ್ದ ಕರು ಸತ್ತಿತು. ಅದಾದ ಮೇಲೆ ಸುಮಳ ಹೊಟ್ಟೆಯಲ್ಲಿದ್ದದ್ದು ನಿಲ್ಲಲಿಲ್ಲ. ನಿನ್ನ ಸೊಸೆ ಆ ದಿನ ಅಡುಗೆಮನೆಯ ನೆಲದ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು, ಅಳಲೂ ಇಲ್ಲ. ಅವಳು ಮತ್ತೆ ಬಸುರಿಯಾದ ಮೇಲಂತೂ ನಾಗ ಆ ಗೋಡೆಯ ಹತ್ತಿರ ಯಾರಾದರೂ ಮೊಳೆ ಹೊಡೆದರೂ ಓಡಿಬರುತ್ತಿದ್ದ.

ಹೋದ ಸುಗ್ಗಿಯಲ್ಲಿ ಮಕ್ಕಳು ನಮ್ಮ ಬೀದಿಯನ್ನೇ ಕಟ್ಟಲು ಹೊರಟರು. ಪಾಂಡವಪುರದ ಕಾರ್ಖಾನೆಗೆ ಕಬ್ಬು ಹೊತ್ತ ಟ್ರಾಕ್ಟರುಗಳ ಸಾಲು, ಡೈರಿಯ ಮುಂದೆ ಕ್ಯಾನುಗಳು, ಅರಳಿಕಟ್ಟೆ, ಎಲ್ಲ ಬಂತು. ನಮ್ಮ ಕೊಟ್ಟಿಗೆ ಕಟ್ಟುವ ಪಾಳಿ ನನ್ನ ಮಗಳು ಚಿನ್ನುವಿನದು. ಅವಳು ಮೊದಲು ನಿಲ್ಲಿಸಿದ್ದು ತೆಂಕಲ ಬಾಗಿಲನ್ನು. ಅದು ಈಗಿಲ್ಲವಲ್ಲೇ ಎಂದೆ. ಐತೆ, ತಾತ ಓದ ಬಾಗ್ಲು ಎಂದಳು. ಕಿತ್ತಿಟ್ಟೆ, ಮತ್ತೆ ಇಟ್ಟಳು. ಉಳಿದ ಮಕ್ಕಳೂ ಅವಳ ಕಡೆಗೇ. ಮೂಡಲ ಕಡೆಗೆ ಆಲೆಮನೆ ಕಟ್ಟಿದವನು ಹಳದಿ ಇಟ್ಟಿಗೆಗಳನ್ನೆಲ್ಲ ಕಬ್ಬಿನ ಸಿಪ್ಪೆಯ ರಾಶಿ ಮಾಡಿ ನಮ್ಮ ಬಾಗಿಲಿಗೆ ಒತ್ತಿಕೊಂಡಂತೆ ಪೇರಿಸಿದ. ಇಷ್ಟು ಹತ್ತಿರ ಯಾಕೋ ಎಂದು ಕೇಳಿದೆ. ಹೊರಗೆ ಹೋಗಿ ನೋಡಿ ಎಂದ.

ಹೊರಗೆ ಹೋಗಿ ನೋಡಿದೆ. ಹುಡುಗ ಹೇಳಿದ್ದು ನಿಜ. ದಿನಾ ಓಡಾಡುವ ನಮಗೆ ಕಾಣದೇ ಹೋಗಿತ್ತು. ಅಂಗಳ ಸಾಲದೆ ಜವರಣ್ಣ ಒಲೆಗೆ ಹಾಕುವ ಸಿಪ್ಪೆಯನ್ನು ನಮ್ಮ ಗೋಡೆಯ ಬುಡಕ್ಕೇ ಒಣಗಲು ಹಾಕುತ್ತ ಬಂದಿದ್ದ. ಕೊಟ್ಟಿಗೆಗೆ ಉಳಿದಿದ್ದ ಒಂದೇ ಒಂದು ಬಾಗಿಲ ಪಕ್ಕದಲ್ಲಿ ನನಗಿಂತ ಎತ್ತರದ ಒಣ ರಾಶಿ, ಅದರಾಚೆ ಬೆಲ್ಲದ ಕೊಪ್ಪರಿಗೆಯ ಒಲೆ. ಹೇಳಿದ್ದಕ್ಕೆ ಅವನು, ನಾಳೆ ನಾಡಿದ್ದರಲ್ಲಿ ತೆಗೆಸುತ್ತೇನೆ ಎಂದು ಬೆಲ್ಲ ಕೊಟ್ಟು ಕಳಿಸಿದ. ನಾಗನಿಗೆ ಹೇಳಿದೆ, ಗೋಡೆ ಒಡೆಸು, ನನಗೆ ಹೆದರಿಕೆ ಎಂದು. ಅವನು ಸುಮ ಇದ್ದ ಕಡೆ ತಿರುಗಿ ನೋಡಿ, ಮಕ್ಕಳನ್ನು ಬೇಕಾದರೆ ಬೇರೆ ಕಡೆ ಆಡಿಸು ಎಂದ. ಬೇರೆ ಕಡೆ ಎಲ್ಲಿದೆ ಅಪ್ಪ? ಮುಂದಿನ ಭಾನುವಾರದ ಒಳಗೆ ಡೈರಿಯ ಜಗಲಿ ಕೇಳೋಣ ಅಂದುಕೊಂಡೆ, ಅಷ್ಟರಲ್ಲಿ...

ಆ ಭಾನುವಾರ ಬೆಳಿಗ್ಗೆಯಿಂದ ಒಣಗಾಳಿ. ಮಕ್ಕಳು ಒಳಗೆ ಕೆರೆ ಕಟ್ಟುತ್ತಿದ್ದರು. ನಾನು ಅವರಿಗೆ ಕುಡಿಯಲು ನೀರು ತರಲು ಬೀದಿಯ ನಲ್ಲಿಗೆ ಹೋಗಿದ್ದೆ. ಕೊಡ ತುಂಬಿರಲಿಲ್ಲ, ಹಿಂದಿನಿಂದ ಚಟಪಟ ಎಂದು ಕೇಳಿಸಿತು. ತಿರುಗಿದರೆ ರಾಶಿಯ ನೆತ್ತಿ ಹೊತ್ತಿಕೊಂಡಿದೆ, ಹೊಗೆ ನಮ್ಮ ಬಾಗಿಲೊಳಗೆ ನುಗ್ಗುತ್ತಿದೆ. ಬನ್ನಿ ಹೊರಗೆ ಎಂದು ಕೂಗಿದೆ. ಒಬ್ಬರೂ ಬರಲಿಲ್ಲ. ಬಾಗಿಲು ತೆರೆದೇ ಇತ್ತು, ಬೆಂಕಿ ಇನ್ನೂ ಹೊಸಿಲಿಗೆ ಬಂದಿರಲಿಲ್ಲ, ನಾಲ್ಕು ಹೆಜ್ಜೆ ಓಡಿದರೆ ಬೀದಿ. ಒಬ್ಬರೂ ಬರಲಿಲ್ಲ ಅಪ್ಪ.

ಸೆರಗು ಮೂಗಿಗೆ ಹಿಡಿದು ಒಳಗೆ ಹೋದೆ. ಮಕ್ಕಳೆಲ್ಲ ತೆಂಕಲ ಗೋಡೆಗೆ ಅಂಟಿಕೊಂಡಿದ್ದರು. ನಾಗ ಬಳಿದ ಸುಣ್ಣದ ಮೇಲೆ ಅಂಗೈಯಿಂದ ಬಡಿಯುತ್ತಿದ್ದರು. ಚಿನ್ನು ಎಲ್ಲರಿಗಿಂತ ಮುಂದೆ ನಿಂತು ಗೋಡೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಆಟದಲ್ಲಿ ಅಲ್ಲಿ ಬಾಗಿಲಿತ್ತಲ್ಲ, ಹೊಗೆ ಕಂಡಾಗ ಕಾಲು ಅತ್ತಲೇ ಓಡಿದವು. ಒಬ್ಬೊಬ್ಬರನ್ನೂ ರಟ್ಟೆ ಹಿಡಿದು ಎಳೆದು ಮೂಡಲ ಬಾಗಿಲಿಂದ ಆಚೆಗೆ ತಳ್ಳಿದೆ. ಅಷ್ಟರಲ್ಲಿ ಆಲೆಮನೆಯ ಆಳುಗಳು ಕಬ್ಬಿನಹಾಲನ್ನೇ ರಾಶಿಯ ಮೇಲೆ ಎರಚುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೂ ಆ ಬಡಿಯುವ ಸದ್ದು ನನಗೆ ಅಡುಗೆ ಮಾಡುವಾಗಲೂ ಕೇಳಿಸುತ್ತದೆ.

ಬೆಂಕಿ ಆರಿದ ಮೇಲೆ ನಾಗ ಒಳಗೆ ಬಂದ. ಗೋಡೆಯ ಮೇಲೆ, ಅವನ ಸೊಂಟಕ್ಕಿಂತ ಕೆಳಗೆ, ಸಣ್ಣ ಸಣ್ಣ ಅಂಗೈಗಳ ಮಸಿ. ಅದನ್ನೇ ನೋಡುತ್ತ ನಿಂತವನು, "ಅಕ್ಕ, ಮಕ್ಳು ಇಲ್ಲಿಗ್ಯಾಕ್ ಬಂದೊ?" ಎಂದ. ನಾನು ಹಲಗೆಯ ಮೇಲಿದ್ದ ಆಟದ ಕೊಟ್ಟಿಗೆಯನ್ನು ತೋರಿಸಿದೆ. ಅವನು ಬಗ್ಗಿ ಚಿನ್ನು ಇಟ್ಟ ಬಾಗಿಲನ್ನು ಬೆರಳಲ್ಲಿ ತೆಗೆದು, ಹಾಕಿ, ತೆಗೆದು, ಹಾಕಿ ಮಾಡಿದ. ಬಾಗಿಲಲ್ಲಿ ಸುಮ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ. ಗಂಡನ ಮುಂದೆ ಗಟ್ಟಿಯಾಗಿ ಮಾತಾಡದ ಹೆಂಗಸು ಅವಳು, ನಿನಗೇ ಗೊತ್ತಲ್ಲ.

"ಒಡ್ದಾಕ್ಬುಡಿ," ಎಂದಳು. "ನಮ್ ಮಗೂನೂ ನಾಳೆ ಇಲ್ಲೇ ಆಡ್ಬೇಕು."

ಮಾರನೆಯ ಬೆಳಿಗ್ಗೆ ನಾಗ ಹಾರೆ ತಂದು ತಾನೇ ಒಡೆದ. ಆಳು ಕರೆಯಲಿಲ್ಲ, ನಮ್ಮನ್ನೂ ಹತ್ತಿರ ಸೇರಿಸಲಿಲ್ಲ. ಮೊದಲ ಇಟ್ಟಿಗೆ ಬಿದ್ದಾಗ ತೂತಿನಿಂದ ಗಾಳಿ ಒಳಗೆ ಬಂತು; ಅವನು ಹಿಂದಕ್ಕೆ ಸರಿದು, ಹಾರೆ ಎದೆಗೆ ಒತ್ತಿಕೊಂಡು ನಿಂತುಬಿಟ್ಟ. ಆಮೇಲೆ ಹೊಸಿಲಿನವರೆಗೆ ಒಡೆದ. ನೀನು ಕೂರಿಸಿದ್ದ ಚೌಕಟ್ಟಿಗೆ ಗೆದ್ದಲು ಹಿಡಿದಿರಲಿಲ್ಲ. ಅದಕ್ಕೆ ಹೊಸ ರೆಕ್ಕೆ ಮಾಡಿ ಹಾಕಿದ್ದಾನೆ, ಅಗುಳಿ ಮಾತ್ರ ಇಟ್ಟಿಲ್ಲ. ಜವರಣ್ಣ ಸಿಪ್ಪೆಯ ರಾಶಿಯನ್ನು ತನ್ನ ಗದ್ದೆಯ ಬದುವಿಗೆ ಸಾಗಿಸಿದ, ಈಗ ನಮ್ಮನ್ನು ಕಂಡರೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ.

ಇಷ್ಟೇ ಆಗಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆ. ಮೊನ್ನೆ ಭಾನುವಾರ ಚಿನ್ನು ಕೊಟ್ಟಿಗೆಯನ್ನು ಹೊಸದಾಗಿ ಕಟ್ಟಿದಳು. ಬಣ್ಣ ಹೋದ ಒಂದು ಮುದುಕನ ಬೊಂಬೆಯನ್ನು ತೆಂಕಲ ಬಾಗಿಲ ಆಚೆ, ಮುಖ ಒಳಗೆ ಮಾಡಿ ನಿಲ್ಲಿಸಿದಳು. ಅದು ಯಾರು ಎಂದು ಕೇಳಿದರೆ ತಾತ ಎಂದಳು. ಒಳಗೆ ಬರುತ್ತಾನಾ ಎಂದು ಕೇಳಿದೆ.

"ಇಲ್ಲಮ್ಮ," ಎಂದಳು. "ಯಾರಾರ ಆಚೆಗ್ ಬತ್ತಾರ ಅಂತ ಕಾಯ್ತಾವ್ನೆ."

ಇಂಥ ಸಾವು ಒಂಟಿಯಾಗಿ ಹೋಗುವುದಿಲ್ಲ ಎಂದಿದ್ದರು ಜೋಯಿಸರು. ಸುಮಳಿಗೆ ಈಗ ದಿನ ತುಂಬುತ್ತಿದೆ ಅಪ್ಪ. ನಾಗ ಆ ಬೊಂಬೆಯನ್ನು ನೋಡಬಾರದೆಂದು ನಾನು ಅದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತಂದೆ. ನೀನು ಅಲ್ಲಿ ನಿಂತಿರುವುದೇ ನಿಜವಾದರೆ, ಒಂದು ಮಾತು ಕೇಳು. ನಮ್ಮ ಮೇಲಿನ ಆಸೆಗೇ ನಿಂತಿರುತ್ತೀಯ, ನನಗೆ ಗೊತ್ತು. ಆದರೂ ನಿಲ್ಲಬೇಡ. ಬಾಗಿಲು ತೆರೆದದ್ದು ಮಕ್ಕಳಿಗೆ, ನಿನಗಲ್ಲ. ಮಗು ಹುಟ್ಟಿದ ಸುದ್ದಿಯನ್ನು ನಾನೇ ಬರೆದು ತಿಳಿಸುತ್ತೇನೆ. ಹೆಣ್ಣೋ ಗಂಡೋ ನೋಡಲು ನೀನು ಬರಬೇಡ.

ನಿನ್ನ ಮಗಳು